ಮಾತ್ರೆ ಮುಗಿದ ಮೇಲೆ ಏನು?



ನಂದೊಳ್ಳಿ ಕಡೆಯ ಒಂದು ಸಂಘದ ಸಭೆ ಮುಗಿದು ಎಲ್ಲರೂ ಎದ್ದ ಮೇಲೆ ಒಬ್ಬ ತಂಗಿ ಹಿಂದೆ ಉಳಿದಳು. "ಸಿಸ್ಟರ್, ಬಿಳಿಮುಟ್ಟಿಗೆ ಮಾತ್ರೆ ತಗೊಂಡೆ, ವಾಸಿ ಆಯ್ತು. ಎರಡೇ ತಿಂಗಳು, ಮತ್ತೆ ಶುರು" ಅಂದಳು. ಗಂಡನನ್ನೂ ಕರ್ಕೊಂಡು ಬಾ ಎಂದು ಡಾಕ್ಟರು ಹೇಳಿದ್ದರಂತೆ. "ಅವ್ರಿಗೆ ಏನೂ ಆಗಿಲ್ವಲ್ಲ" ಎಂದು ಇವಳೇ ಬಿಟ್ಟಿದ್ದಳು.

ಬಿಳಿಮುಟ್ಟೆಲ್ಲ ಲೈಂಗಿಕ ಸೋಂಕಲ್ಲ. ಬಸುರಿಯರಿಗೆ, ಸಕ್ಕರೆ ಕಾಯಿಲೆಯವರಿಗೆ ಬರುವ ಫಂಗಸ್ ಬೇರೆ. ಆದರೆ ಟ್ರೈಕೊಮೊನಾಸ್, ಕ್ಲಮೈಡಿಯಾ, ಗೊನೋರಿಯಾ ಇದ್ದರೂ ಗಂಡಸಿಗೆ ಉರಿ, ಕೀವು ಏನೂ ಕಾಣದೆ ಇರಬಹುದು. ನಮ್ಮ ತೋಟಕ್ಕೆ ಮಾತ್ರ ಬೋರ್ಡೋ ಹೊಡೆದು ಪಕ್ಕದ ತೋಟ ಹಾಗೇ ಬಿಟ್ಟರೆ ಕೊಳೆರೋಗ ನಿಲ್ಲುತ್ತದೆಯೇ? ಇಬ್ಬರೂ ಮಾತ್ರೆ ಮುಗಿಸಬೇಕು, ಮುಗಿಸಿದ ಮೇಲೂ 7 ದಿನ ಕೂಡಬಾರದು. ಗಂಡ ಕೇಳದಿದ್ದರೆ ನಿರೋಧ್ ಆದರೂ ಬೇಕೇ ಬೇಕು.

ಯಾರಿಂದ ಬಂತು ಎಂಬ ಜಗಳ ಬೇಡ. ಸೋಂಕು ತಿಂಗಳುಗಟ್ಟಲೆ ಒಳಗೇ ಸುಮ್ಮನೆ ಇರಬಹುದು. ಗಂಡನಿಗೆ ಹೇಳಲು ಹೆದರಿಕೆ ಇದ್ದರೆ ಮೊದಲು ಆಸ್ಪತ್ರೆಯ ಆಪ್ತಸಮಾಲೋಚಕಿಗೆ ಹೇಳಿ.

ಉರಿ ನಿಂತಿತೆಂದು ಮಾತ್ರೆ ಅರ್ಧಕ್ಕೆ ಬಿಡಬೇಡಿ. ಕಿಬ್ಬೊಟ್ಟೆ ನೋವಿಗೆ ಸಾಮಾನ್ಯವಾಗಿ 14 ದಿನದ ಔಷಧಿ ಇರುತ್ತದೆ. ಅರ್ಧಕ್ಕೆ ಬಿಟ್ಟರೆ ಸೋಂಕು ಗರ್ಭನಾಳಕ್ಕೆ ಹತ್ತಿ, ನಾಳ ಮುಚ್ಚಬಹುದು. ಆಮೇಲೆ ಮಕ್ಕಳಾಗದಿದ್ದರೆ ಬಂಜೆ ಎಂಬ ಮಾತು ಯಾರ ತಲೆಗೆ ಬರುತ್ತದೆ ಎಂದು ನಾವು ಹೇಳಬೇಕಾಗಿಲ್ಲ.

ಔಷಧಿ ಶುರುವಾದ 7 ದಿನಕ್ಕೆ ಒಮ್ಮೆ ಡಾಕ್ಟರಿಗೆ ತೋರಿಸಿ. ಜ್ವರ, ನೋವು ಹೆಚ್ಚಾದರೆ ಅಷ್ಟು ದಿನ ಕಾಯಬೇಡಿ. ಕ್ಲಮೈಡಿಯಾ, ಗೊನೋರಿಯಾ ಇದ್ದವರು 3 ತಿಂಗಳಿಗೆ ಮತ್ತೆ ಪರೀಕ್ಷೆ ಕೇಳಿ, ಏಕೆಂದರೆ ಇವು ಒಮ್ಮೆ ಬಂದು ಹೋದರೂ ಮತ್ತೆ ಬರುತ್ತವೆ. ಸಿಫಿಲಿಸ್‌ನ ಹುಣ್ಣು ಔಷಧಿ ಇಲ್ಲದೆಯೂ ಮಾಯುತ್ತದೆ, ರೋಗ ಮಾತ್ರ ರಕ್ತದಲ್ಲೇ ಉಳಿಯುತ್ತದೆ. ಆದ್ದರಿಂದ ಇಂಜೆಕ್ಷನ್ ಆದ ಮೇಲೂ 6 ತಿಂಗಳಿಗೆ, ವರ್ಷಕ್ಕೆ ರಕ್ತ ಪರೀಕ್ಷೆ ಆಗಬೇಕು. ಬಸುರಿಯಾಗಿದ್ದರೆ ಒಂದು ಸಲವೂ ತಪ್ಪಿಸಬೇಡಿ, ಮಗುವಿಗೆ ಹತ್ತುತ್ತದೆ. ಎಚ್‌ಐವಿ ಪರೀಕ್ಷೆಯನ್ನೂ ಈಗೊಮ್ಮೆ, 3 ತಿಂಗಳ ಮೇಲೊಮ್ಮೆ ಮಾಡಿಸಿ. 2017ರ ಕಾನೂನಿನಂತೆ ಎಚ್‌ಐವಿ ಪರೀಕ್ಷೆಗೆ ನಿಮ್ಮ ಒಪ್ಪಿಗೆ ಬೇಕು, ಫಲಿತಾಂಶ ಗುಟ್ಟಾಗಿರಬೇಕು.

ಅಡಿಕೆ ಕೊಯ್ಲಿನ ದಿನಗಳಲ್ಲಿ ಯಲ್ಲಾಪುರಕ್ಕೆ ಹೋದರೆ ಒಂದು ದಿನದ ಕೂಲಿ ಹೋಯ್ತು, ಅದು ನಮಗೂ ಗೊತ್ತು. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ತಪಾಸಣೆ, ಮಾತ್ರೆ ಎರಡೂ ಉಚಿತ. ಹೋಗುವಾಗ ಹಳೆಯ ಚೀಟಿ, ಖಾಲಿಯಾದ ಮಾತ್ರೆ ಪಟ್ಟಿ ಜೊತೆಗಿರಲಿ. ಬಾಯಿಬಿಟ್ಟು ಕೇಳಲು ನಾಚಿಕೆಯಾದರೆ 1097ಕ್ಕೆ ಫೋನ್ ಮಾಡಿ, ಹಣ ಬೀಳುವುದಿಲ್ಲ, ಹೆಸರು ಹೇಳಬೇಕೆಂದೂ ಇಲ್ಲ.