ದೊಡ್ಡ ಗೂಬೆ ಸಿಗದಿದ್ದರೆ ಮರಿಗೂಬೆ

ಪ್ರಾಚೀನ ಗ್ರೀಕ್ ನಾಣ್ಯ ಕೂಡಿಡಬೇಕೆಂಬ ಆಸೆ ಹುಟ್ಟಿದವರು ಮೊದಲು ಕಣ್ಣು ಹಾಕುವುದು ಅಥೆನ್ಸಿನ ದೊಡ್ಡ ಗೂಬೆ ನಾಣ್ಯದ ಮೇಲೆ. ಬೆಲೆ ಕೇಳಿ ಸುಮ್ಮನಾಗುತ್ತಾರೆ. ನೀವು ಸುಮ್ಮನಾಗಬೇಡಿ, ಚಿಲ್ಲರೆಯ ಕಡೆ ತಿರುಗಿ. ಅದೇ ಗೂಬೆ ಒಬೋಲ್ ಎಂಬ ಪುಟ್ಟ ಬೆಳ್ಳಿ ಬಿಲ್ಲೆಯ ಮೇಲೂ ಕೂತಿದೆ. ಆರು ಒಬೋಲ್ ಸೇರಿದರೆ ದ್ರಾಕ್ಮಾ ಎಂಬ ಒಂದು ಬೆಳ್ಳಿ ನಾಣ್ಯ. ಒಂದು ಒಬೋಲ್‌ನ ತೂಕ ಸುಮಾರು 0.72 ಗ್ರಾಂ. ಅರ್ಧ, ಕಾಲು ಒಬೋಲ್‌ಗಳೂ ಇದ್ದವು. ಇವನ್ನು ಜನ ಬಾಯಲ್ಲೇ ಇಟ್ಟುಕೊಂಡು ಪೇಟೆಗೆ ಹೋಗುತ್ತಿದ್ದರು! ಗ್ರೀಕ್ ನಾಟಕಕಾರ ಅರಿಸ್ಟೋಫೇನಿಸನ ‘ಕಣಜಗಳು’ ನಾಟಕದಲ್ಲಿ ಮುದುಕನೊಬ್ಬ ಒಬೋಲ್ ಎಂದುಕೊಂಡು ಮೀನಿನ ಹುರುಪೆಯನ್ನು ಬಾಯಿಗೆ ಹಾಕಿಕೊಂಡು ಉಗುಳುತ್ತಾನೆ.

ಕೊಳ್ಳುವ ಮುನ್ನ ಭೂತಗನ್ನಡಿ, ಸಣ್ಣ ತಕ್ಕಡಿ ಕೈಯಲ್ಲಿರಲಿ. ಚಿತ್ರ ಒಂದು ಬದಿಗೆ ಸರಿದಿದ್ದರೆ ಹೆದರಬೇಡಿ. ಸುತ್ತಿಗೆಯಿಂದ ಬಡಿದು ಮುದ್ರೆ ಒತ್ತುತ್ತಿದ್ದ ಕಾಲವದು. ಅಂಚಿನ ಸುತ್ತ ಎರಕದ ಗೆರೆ ಕಂಡರೆ ಮಾತ್ರ ನಕಲಿ ಎಂದು ಕೆಳಗಿಡಿ. ತೊಳೆಯಲು ಹುಣಸೆಹಣ್ಣು, ಪಾಲಿಶ್ ಯಾವುದೂ ಬೇಡ, ಕಪ್ಪು ಹಾಗೇ ಇರಲಿ. ಹಳೆಯ ಬೆಳ್ಳಿ ಪೆಡಸಾಗಿರುತ್ತದೆ, ಕೈಜಾರಿದರೆ ಎರಡು ಚೂರು. ಪಿವಿಸಿ ಪ್ಲಾಸ್ಟಿಕ್ ಚೀಲವೂ ಬೇಡ, ಹಸಿರು ಜಿಗುಟು ಬಿಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಗದಪತ್ರ. ಪುರಾತನ ವಸ್ತುಗಳನ್ನು ಗ್ರೀಸ್ ಕಾಯ್ದೆಯಡಿ ರಕ್ಷಿಸುತ್ತದೆ. ಕದ್ದು ಅಗೆದ ಸರಕೂ ಮಾರುಕಟ್ಟೆಗೆ ಬರುತ್ತದೆ. ನಾಣ್ಯ ಹಿಂದೆ ಯಾರ ಬಳಿ ಇತ್ತು ಎಂದು ನೇರವಾಗಿ ಕೇಳಿ. ಮಾರುವವರು ತಡವರಿಸಿದರೆ, ಎಷ್ಟೇ ಅಗ್ಗವಾಗಿರಲಿ, ಕೊಳ್ಳಬೇಡಿ.