ಹಿಗ್ಗುವ ವಿಶ್ವವನ್ನು ಅಳೆಯುವ ಬಗೆ

ವಿಶ್ವವು ಹಿಗ್ಗುತ್ತಿದೆಯೆಂಬ ಮಾತನ್ನು ಇಂದು ಶಾಲೆಯ ಮಕ್ಕಳೂ ಬಲ್ಲರು. ಆದರೆ ಅದು ಯಾವ ಕಾಲದಲ್ಲಿ ಎಷ್ಟು ವೇಗದಿಂದ ಹಿಗ್ಗಿತೆಂಬುದನ್ನು ಭೂಮಿಯ ಮೇಲೆ ನಿಂತ ಮನುಷ್ಯನು ಹೇಗೆ ತಿಳಿದನು? ‘ಕೃಷ್ಣಶಕ್ತಿ’ಯ ವಿಚಾರವು ಈ ಅಳತೆಯಿಂದಲೇ ಹುಟ್ಟಿತಾದುದರಿಂದ, ಮೊದಲು ಅಳತೆಯ ಕ್ರಮವನ್ನು ನೋಡೋಣ.

ಇದಕ್ಕೆ ಎರಡು ಸಂಗತಿಗಳು ಗೊತ್ತಾಗಬೇಕು. ಮೊದಲನೆಯದು ಬೆಳಕಿನ ಬಣ್ಣ. ನಮ್ಮ ಆಕಾಶಗಂಗೆಯಂತೆ ಕೋಟ್ಯಂತರ ನಕ್ಷತ್ರಗಳು ಕೂಡಿದ ಸಮೂಹಕ್ಕೆ ಗೆಲಾಕ್ಸಿಯೆಂದು ಹೆಸರು. ದೂರದ ಗೆಲಾಕ್ಸಿಯ ಬೆಳಕು ನಮ್ಮನ್ನು ಮುಟ್ಟುವಷ್ಟರಲ್ಲಿ, ನಡುವಣ ಅವಕಾಶವೇ ಹಿಗ್ಗುವುದರಿಂದ, ಬೆಳಕಿನ ಅಲೆಗಳೂ ಹಿಗ್ಗಿ ಕೆಂಪಿನ ಕಡೆಗೆ ಸರಿಯುತ್ತವೆ. ಅಲೆಯ ಉದ್ದವು ಎರಡರಷ್ಟಾಗಿದ್ದರೆ, ಆ ಬೆಳಕು ಹೊರಟಾಗ ಗೆಲಾಕ್ಸಿಗಳ ನಡುವಣ ಅಂತರವು ಈಗಿನ ಅರ್ಧದಷ್ಟಿತ್ತೆಂದು ಅರ್ಥ.

ಎರಡನೆಯದು ದೂರ. ಬೆಳಕು ಎಷ್ಟು ಕಾಲದ ಹಿಂದೆ ಹೊರಟಿತೆಂಬುದು ಇದರಿಂದ ತಿಳಿಯುತ್ತದೆ. ಕಷ್ಟವೆಲ್ಲ ಇಲ್ಲಿಯೇ. ಮಂಕಾಗಿ ಕಾಣುವ ಚುಕ್ಕೆ ಹತ್ತಿರದ ಹಣತೆಯೋ, ದೂರದ ದೊಡ್ಡ ದೀಪವೋ? ದೀಪದ ನಿಜವಾದ ಕಾಂತಿ ಗೊತ್ತಿದ್ದರೆ, ಅದು ಎಷ್ಟು ಮಂಕಾಗಿದೆ ಎಂಬುದರಿಂದ ದೂರವನ್ನು ಗಣಿಸಬಹುದು. 1912ರಲ್ಲಿ ಅಮೆರಿಕದ ಹೆನ್ರಿಯೆಟ್ಟಾ ಲೆವಿಟ್ ಎಂಬ ಮಹಿಳೆ, ಸೆಫೀಡ್ ನಕ್ಷತ್ರಗಳ ಬೆಳಕು ಏರಿಳಿಯುವ ಅವಧಿಗೂ ಅವುಗಳ ಕಾಂತಿಗೂ ಇರುವ ಸಂಬಂಧವನ್ನು ಪ್ರಕಟಿಸಿದರು. ಇಂಥ ದೀಪಗಳ ನೆರವಿನಿಂದ ದೂರಗಳನ್ನು ಅಳೆದ ಎಡ್ವಿನ್ ಹಬಲ್, ದೂರ ಹೆಚ್ಚಿದಂತೆ ಗೆಲಾಕ್ಸಿಗಳು ಸರಿಯುವ ವೇಗವೂ ಹೆಚ್ಚುವುದೆಂದು 1929ರಲ್ಲಿ ತೋರಿಸಿದರು.

ಅದಕ್ಕೂ ಬಹುದೂರದ ಅಳತೆಗೆ ಸೆಫೀಡ್‌ಗಳ ಬೆಳಕು ಸಾಲದು. ಅಲ್ಲಿಗೆ ಬೇಕಾದ ದೀಪ, ಸಿಡಿಯುವ ನಕ್ಷತ್ರವಾದ ಸೂಪರ್‌ನೋವಾ. ಮುದಿ ನಕ್ಷತ್ರವಾದ ಶ್ವೇತಕುಬ್ಜದ ದ್ರವ್ಯರಾಶಿಯು ಸೂರ್ಯನ ಸುಮಾರು 1.4ರಷ್ಟನ್ನು ಮೀರಲಾರದೆಂಬುದು ಚಂದ್ರಶೇಖರ್ ಮಿತಿ. ನಮ್ಮ ದೇಶದ ಸುಬ್ರಹ್ಮಣ್ಯನ್ ಚಂದ್ರಶೇಖರ್ 1930ರಲ್ಲಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುವಾಗ ಈ ಗಣಿತವನ್ನು ಆರಂಭಿಸಿದರು. ಈ ಮಿತಿಯ ಸಮೀಪಕ್ಕೆ ಬಂದ ಶ್ವೇತಕುಬ್ಜವು ಸಿಡಿಯುವುದೆಂಬುದು ಒಂದು ಮುಖ್ಯ ವಿವರಣೆ. ಇಂಥ ಸೂಪರ್‌ನೋವಾಗಳ ಕಾಂತಿಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೂ, ಅವು ಮಂಕಾಗುವ ವೇಗವನ್ನು ನೋಡಿ ಅದನ್ನು ಸರಿಪಡಿಸಿಕೊಳ್ಳಬಹುದು.

ಗುರುತ್ವಾಕರ್ಷಣೆಯು ಎಲ್ಲವನ್ನೂ ಒಳಕ್ಕೆ ಸೆಳೆಯುವುದರಿಂದ ಹಿಗ್ಗುವಿಕೆಯು ನಿಧಾನವಾಗುತ್ತಿರಬೇಕೆಂದೇ ಎಲ್ಲರೂ ನಂಬಿದ್ದರು. ಎಷ್ಟು ನಿಧಾನವಾಗಿದೆಯೆಂದು ಅಳೆಯಲು ಎರಡು ತಂಡಗಳು ಹೊರಟವು: ಒಂದಕ್ಕೆ ಸಾಲ್ ಪರ್ಲ್‌ಮಟರ್ ನಾಯಕರು, ಇನ್ನೊಂದರಲ್ಲಿ ಬ್ರಯನ್ ಸ್ಮಿತ್ ಮತ್ತು ಆಡಮ್ ರೀಸ್ ಪ್ರಮುಖರು. 1998ರಲ್ಲಿ ಇಬ್ಬರಿಗೂ ದೊರೆತ ಉತ್ತರ ಒಂದೇ: ದೂರದ ಸೂಪರ್‌ನೋವಾಗಳು ಎಣಿಸಿದ್ದಕ್ಕಿಂತ ಮಂಕಾಗಿವೆ, ಎಂದರೆ ಹೆಚ್ಚು ದೂರದಲ್ಲಿವೆ, ವಿಶ್ವದ ಹಿಗ್ಗುವಿಕೆಯು ತ್ವರೆಗೊಳ್ಳುತ್ತಿದೆ! 2011ರಲ್ಲಿ ಈ ಮೂವರಿಗೂ ನೊಬೆಲ್ ಪಾರಿತೋಷಕ ಸಂದಿತು. ಹೀಗೆ ಹೊರಕ್ಕೆ ಹಿಗ್ಗಿಸುವ ಅಜ್ಞಾತ ಕಾರಣಕ್ಕೆ ಕೃಷ್ಣಶಕ್ತಿಯೆಂದು ಹೆಸರಿಟ್ಟರು. ಇಂದಿನ ಲೆಕ್ಕದಂತೆ ವಿಶ್ವದ ಒಟ್ಟು ಶಕ್ತಿಯಲ್ಲಿ ಸುಮಾರು ಶೇಕಡ 70 ಭಾಗ ಇದೇ. ನಮ್ಮನ್ನೂ ನಕ್ಷತ್ರಗಳನ್ನೂ ರಚಿಸಿರುವ ಸಾಮಾನ್ಯ ದ್ರವ್ಯವು ಶೇಕಡ 5 ಮಾತ್ರ.

ನಡುವೆ ಧೂಳು ಅಡ್ಡ ಬಂದು ದೀಪ ಮಂಕಾಗಿರಬಾರದೇಕೆ? ಇದು ನ್ಯಾಯವಾದ ಸಂದೇಹ. ಆದಕಾರಣ ದೀಪದ ಕಾಂತಿಯನ್ನು ಅವಲಂಬಿಸದ ಬೇರೊಂದು ಅಳತೆಗೋಲೂ ಬೇಕಾಯಿತು. ಆದಿಕಾಲದ ಸುಡುವ ವಿಶ್ವದಲ್ಲಿ ಹರಿದ ಶಬ್ದದ ಅಲೆಗಳು ಗೆಲಾಕ್ಸಿಗಳ ಹಂಚಿಕೆಯಲ್ಲಿ ಗುರುತು ಬಿಟ್ಟಿವೆ. ಇಂದಿನ ಲೆಕ್ಕದಲ್ಲಿ ಸುಮಾರು 50 ಕೋಟಿ ಜ್ಯೋತಿರ್ವರ್ಷಗಳ ಅಂತರದಲ್ಲಿ ಗೆಲಾಕ್ಸಿಗಳ ಜೋಡಿಗಳು ತುಸು ಹೆಚ್ಚಾಗಿ ಸಿಗುತ್ತವೆ. ಈ ಗೋಲು ಎಷ್ಟು ಚಿಕ್ಕದಾಗಿ ಕಾಣುವುದೆಂಬುದರಿಂದಲೂ ದೂರ ತಿಳಿಯುತ್ತದೆ.

ಅರಿಜೋನಾದ ಕಿಟ್ ಪೀಕ್ ಬೆಟ್ಟದ 4 ಮೀಟರ್ ದೂರದರ್ಶಕಕ್ಕೆ ಜೋಡಿಸಿದ ‘ಡೆಸಿ’ ಎಂಬ ಉಪಕರಣವು 5,000 ಗಾಜಿನ ಎಳೆಗಳ ಮೂಲಕ ಒಮ್ಮೆಗೇ ಅಷ್ಟು ಗೆಲಾಕ್ಸಿಗಳ ಬೆಳಕನ್ನು ಪರೀಕ್ಷಿಸುತ್ತದೆ. 2025ರ ಮಾರ್ಚಿಯಲ್ಲಿ ಪ್ರಕಟವಾದ ಅದರ ಫಲಿತಾಂಶಗಳನ್ನು ಬೇರೆ ಅಳತೆಗಳೊಡನೆ ಕೂಡಿಸಿದಾಗ, ಕೃಷ್ಣಶಕ್ತಿಯು ಕಾಲಕ್ರಮದಲ್ಲಿ ದುರ್ಬಲವಾಗುತ್ತಿರಬಹುದೆಂಬ ಸೂಚನೆ ಕಂಡಿತು. ಇದು ಸಿದ್ಧಾಂತವೆನ್ನುವಷ್ಟು ದೃಢಪಟ್ಟಿಲ್ಲ.

ಈ ಪ್ರಶ್ನೆ ಸಣ್ಣದಲ್ಲ. ಕೃಷ್ಣಶಕ್ತಿಯು ಬದಲಾಗದೆ ಉಳಿದರೆ ದೂರದ ಗೆಲಾಕ್ಸಿಗಳು ಬಹುಕಾಲದ ಮೇಲೆ ಒಂದೊಂದಾಗಿ ಕಾಣದಾಗಿ, ಆಕಾಶವು ಬರಿದಾಗುತ್ತದೆ. ಅದು ಬದಲಾಗುವುದಾದರೆ ವಿಶ್ವದ ಭವಿಷ್ಯವನ್ನೇ ಹೊಸದಾಗಿ ಬರೆಯಬೇಕಾದೀತು. ಎಲ್ಲರೂ ನಂಬಿದ್ದ ಮಾತನ್ನು 1998ರಲ್ಲಿ ಒಂದು ಅಳತೆ ತಲೆಕೆಳಗು ಮಾಡಿತು. ಇನ್ನು ಮುಂದಿನ ತೀರ್ಮಾನವನ್ನು ಹೇಳಬೇಕಾದುದೂ ಅಳತೆಯೇ.