ಕಣ್ಣಿಗೆ ಒಂದೇ ಹನಿ



ಮಾರ್ಚ್ ತಿಂಗಳು ಬಂತು ಅಂದರೆ ನಮ್ಮ ಡಬ್ಲಿನ್ ಎಷ್ಟು ಚೆನ್ನಾಗಿ ಕಾಣುತ್ತೆ ಅಲ್ವಾ? 580 ಹೆದ್ದಾರಿಯಲ್ಲಿ ಹೋಗುವಾಗ ಕಾಣುವ ಗುಡ್ಡಗಳೆಲ್ಲ ನಮ್ಮ ಮಲೆನಾಡಿನ ಹಾಗೆ ಹಸಿರಾಗಿರುತ್ತವೆ. ಮೇ ತಿಂಗಳ ಹೊತ್ತಿಗೆ ಅದೇ ಹುಲ್ಲು ತೆನೆ ಬಿಟ್ಟು, ಒಣಗಿ, ಹೊಂಬಣ್ಣಕ್ಕೆ ತಿರುಗುತ್ತೆ. ಈ ನಡುವಿನ ದಿನಗಳಲ್ಲಿ ನಮ್ಮ ಕನ್ನಡ ತರಗತಿಯಲ್ಲಿ ಪ್ರತಿ ವರ್ಷ ಒಂದೇ ದೃಶ್ಯ. ಅರ್ಧ ತರಗತಿ ಸೀನುತ್ತಿರುತ್ತೆ, ಇನ್ನರ್ಧ ಕಣ್ಣು ಉಜ್ಜುತ್ತಿರುತ್ತೆ. "ಒತ್ತಕ್ಷರ ಬರೀರಿ" ಅಂದರೆ ಪೆನ್ಸಿಲ್ ಹಿಡಿಯಬೇಕಾದ ಕೈ ಕಣ್ಣಿನ ಮೇಲಿರುತ್ತೆ.

ನಾನು ಡಾಕ್ಟರ್ ಅಲ್ಲ. ವಾರವೆಲ್ಲ ಸಾಫ್ಟ್‌ವೇರ್ ಬರೆದು, ವಾರಾಂತ್ಯದಲ್ಲಿ ನಿಮಗೆ ಕಾಗುಣಿತ ಹೇಳಿಕೊಡುವ ಒಬ್ಬ ಅಪ್ಪ, ಅಷ್ಟೇ. ಆದರೆ ಕಳೆದ ವರ್ಷ ನಮ್ಮ ಮನೆಯಲ್ಲೇ ಒಂದು ತಪ್ಪಾಯಿತು. ಅದು ನಿಮ್ಮ ಮನೆಯಲ್ಲಿ ಆಗಬಾರದು ಅಂತ ಈ ಪಾಠ ಬರೆಯುತ್ತಿದ್ದೇನೆ.

ನಮ್ಮ ಮನೆಯ ಕಥೆ

ಕಳೆದ ಏಪ್ರಿಲ್‌ನಲ್ಲಿ ನನ್ನ ಅಮ್ಮ ಊರಿಂದ ಬಂದಿದ್ದರು. ಐದನೇ ಕ್ಲಾಸಿನ ನನ್ನ ಮಗ ಸಾಕರ್ ಆಡಿ ಬಂದರೆ ಸಾಕು, ಕಣ್ಣು ಕೆಂಡದ ಹಾಗೆ ಕೆಂಪು. ರಾತ್ರಿಯೆಲ್ಲ ಉಜ್ಜೋದು. ಅಜ್ಜಿಗೆ ನೋಡಲಾಗಲಿಲ್ಲ. "ನನ್ನ ಹತ್ರ ಕಣ್ಣಿನ ಡ್ರಾಪ್ಸ್ ಇದೆ ಕಣೋ. ಪೊರೆ ಆಪರೇಷನ್ ಆದಾಗ ಡಾಕ್ಟ್ರು ಕೊಟ್ಟಿದ್ದು. ತುಂಬಾ ತಂಪು. ಒಂದೆರಡು ಹನಿ ಹಾಕು" ಅಂದರು. ನಾನು ಹಾಕಿದೆ.

ಮಾರನೇ ದಿನ ಕಣ್ಣು ಹಾಲಿನ ಹಾಗೆ ಬೆಳ್ಳಗೆ! ಎಲ್ಲರಿಗೂ ಖುಷಿ. ತುರಿಕೆ ಬಂದಾಗಲೆಲ್ಲ ಹಾಕುತ್ತಾ ಹೋದೆವು. ಮೂರು ವಾರ ಕಳೆಯಿತು. ಕನ್ನಡಕದ ನಂಬರ್ ನೋಡಿಸಲು ಮಗನನ್ನು ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಾಗ, ಅವರು ಕಣ್ಣಿನ ಒತ್ತಡ ಅಳೆದರು, ಮತ್ತೊಮ್ಮೆ ಅಳೆದರು. ಆಮೇಲೆ ಕೇಳಿದರು, "ಇವನಿಗೆ ಏನಾದರೂ ಡ್ರಾಪ್ಸ್ ಹಾಕ್ತಾ ಇದೀರಾ?"

ಬಾಟಲಿ ನನ್ನ ಬ್ಯಾಗಿನಲ್ಲೇ ಇತ್ತು. ಅದರ ಮೇಲಿನ ಸಣ್ಣ ಅಕ್ಷರಗಳನ್ನು ಮಗನೇ ಒಂದೊಂದಾಗಿ ಕೂಡಿಸಿ ಓದಿದ: ಡೆಕ್ಸಮೆಥಾಸೋನ್. ಅದು ಸ್ಟೀರಾಯ್ಡ್.

ಸ್ಟೀರಾಯ್ಡ್ ಕೆಟ್ಟ ಔಷಧಿ ಅಲ್ಲ. ಆಪರೇಷನ್ ಆದ ಅಜ್ಜಿಯ ಕಣ್ಣಿಗೆ ಅದೇ ಸರಿಯಾದ ಔಷಧಿ. ಊತ ಇಳಿಸಲು ಡಾಕ್ಟರ್ ಲೆಕ್ಕ ಹಾಕಿ, ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾ ಕೊಡುತ್ತಾರೆ. ಆದರೆ ಯಾರೂ ನೋಡದೆ, ವಾರಗಟ್ಟಲೆ ಹಾಕಿದರೆ ಕೆಲವರಲ್ಲಿ, ಮುಖ್ಯವಾಗಿ ಮಕ್ಕಳಲ್ಲಿ, ಕಣ್ಣಿನೊಳಗಿನ ಒತ್ತಡ ಏರುತ್ತೆ. ಒತ್ತಡ ಏರಿದ್ದು ಗೊತ್ತೇ ಆಗಲ್ಲ. ನೋವಿಲ್ಲ, ತುರಿಕೆಯಿಲ್ಲ, ಕಣ್ಣು ಬೆಳ್ಳಗೇ ಇರುತ್ತೆ. ಹಾಗೇ ಬಿಟ್ಟರೆ ದೃಷ್ಟಿಯ ನರಕ್ಕೆ ಪೆಟ್ಟು ಬೀಳುತ್ತೆ. ಇದಕ್ಕೆ ಗ್ಲಾಕೋಮಾ ಅಂತಾರೆ. ಹೀಗೆ ಹೋದ ದೃಷ್ಟಿ ವಾಪಸ್ ಬರಲ್ಲ. ಹೆಚ್ಚು ದಿನ ಹಾಕಿದರೆ ಪೊರೆಯೂ ಬರಬಹುದು.

ನಮ್ಮ ಪುಣ್ಯ, ಬೇಗ ಗೊತ್ತಾಯಿತು. ಡಾಕ್ಟರ್ ಹೇಳಿದ ಹಾಗೆ ನಿಲ್ಲಿಸಿದೆವು, ಕೆಲವು ವಾರಗಳಲ್ಲಿ ಒತ್ತಡ ಇಳಿಯಿತು. ಮನೆಗೆ ಬಂದು ಅಮ್ಮನಿಗೆ ಹೇಗೆ ಹೇಳೋದು ಅಂತ ಯೋಚಿಸುತ್ತಿದ್ದೆ. ಅವರೇ ಹೇಳಿದರು, "ನನಗೆ ಇಂಗ್ಲಿಷ್ ಬರಲ್ಲ, ಓದಲಿಲ್ಲ. ನೀನು ಇಂಜಿನಿಯರ್, ನೀನ್ಯಾಕೆ ಓದಲಿಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಣ್ಣು ಯಾಕೆ ತುರಿಸುತ್ತೆ?

ಹುಲ್ಲು, ಓಕ್, ಆಲಿವ್ ಮುಂತಾದ ಮರಗಳು ಹೂ ಬಿಟ್ಟಾಗ ಗಾಳಿಗೆ ಪರಾಗ ಬಿಡುತ್ತವೆ. ಹುಲ್ಲಿನ ಪರಾಗದ ಒಂದು ಕಣ ನಿಮ್ಮ ಕೂದಲೆಳೆಯ ಅರ್ಧದಷ್ಟೂ ದಪ್ಪ ಇರಲ್ಲ. ನಮ್ಮ ಊರಲ್ಲಿ ಮಧ್ಯಾಹ್ನದ ಮೇಲೆ ಬೀಸುವ ಗಾಳಿ ನಿಮಗೆ ಗೊತ್ತೇ ಇದೆ. ಆಲ್ಟಮಾಂಟ್ ಕಣಿವೆಯಲ್ಲಿ ಗಾಳಿಯಂತ್ರ ತಿರುಗಿಸೋದೂ ಇಂಥ ಗಾಳಿಯೇ. ಅದರ ಜೊತೆ ಪರಾಗವೂ ಬರುತ್ತೆ.

ಪರಾಗ ವಿಷವಲ್ಲ. ಆದರೆ ಕೆಲವರ ದೇಹ ಅದನ್ನು ಶತ್ರು ಅಂತ ತಪ್ಪಾಗಿ ತಿಳಿಯುತ್ತೆ. ಕಣ್ಣಿನ ಪದರದಲ್ಲಿರುವ ಮಾಸ್ಟ್ ಕೋಶಗಳು ಒಡೆದು ಹಿಸ್ಟಮಿನ್ ಎಂಬ ರಾಸಾಯನಿಕ ಚೆಲ್ಲುತ್ತವೆ. ತುರಿಕೆ, ಕೆಂಪು, ನೀರು ಸುರಿಯೋದು ಎಲ್ಲ ಅದರ ಕೆಲಸ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ಇದು ಸುಳ್ಳು ಅಲಾರಂ. ಕಳ್ಳ ಬಂದಿಲ್ಲ, ಆದರೂ ಗಂಟೆ ಹೊಡೀತಾನೇ ಇದೆ. ಕಣ್ಣು ಉಜ್ಜಿದರೆ ಇನ್ನಷ್ಟು ಮಾಸ್ಟ್ ಕೋಶಗಳು ಒಡೆಯುತ್ತವೆ. ಅದಕ್ಕೇ ಉಜ್ಜಿದಷ್ಟೂ ತುರಿಕೆ ಜಾಸ್ತಿ.

ಇದು ಹೊಸ ಕಾಯಿಲೆಯೂ ಅಲ್ಲ. 1819ರಲ್ಲಿ ಲಂಡನ್ನಿನ ಜಾನ್ ಬಾಸ್ಟಾಕ್ ಎಂಬ ವೈದ್ಯರು ಪ್ರತಿ ಬೇಸಿಗೆ ಕಣ್ಣು ತುರಿಸುವ ಒಬ್ಬ ರೋಗಿಯ ಬಗ್ಗೆ ವಿವರವಾಗಿ ಬರೆದರು. ಆ ರೋಗಿ ಅವರೇ! ಎಂಟನೇ ವಯಸ್ಸಿನಿಂದಲೂ ಅವರಿಗೆ ಈ ತೊಂದರೆ ಇತ್ತಂತೆ. 1873ರಲ್ಲಿ ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು ಇದಕ್ಕೆ ಪರಾಗವೇ ಕಾರಣ ಅಂತ ತೋರಿಸಿದರು.

ಎಲ್ಲ ಹನಿಯೂ ಒಂದೇ ಅಲ್ಲ

ಅಂಗಡಿಯಲ್ಲಿ ಐ ಡ್ರಾಪ್ಸ್ ಸಾಲಿನ ಮುಂದೆ ನಿಂತರೆ ತಲೆ ತಿರುಗುತ್ತೆ. ಬಣ್ಣದ ಡಬ್ಬ ನೋಡಬೇಡಿ, ಒಳಗಿನ ಔಷಧಿಯ ಹೆಸರು ಓದಿ. ಮುಖ್ಯವಾಗಿ ನಾಲ್ಕು ಗುಂಪು.

ಮೊದಲನೆಯದು ಕೃತಕ ಕಣ್ಣೀರು. ಇದು ಪರಾಗವನ್ನು ತೊಳೆಯುತ್ತೆ, ತಂಪು ಮಾಡುತ್ತೆ. ಫ್ರಿಜ್ಜಿನಲ್ಲಿಟ್ಟು ಹಾಕಿದರೆ ಇನ್ನೂ ಹಿತ.

ಎರಡನೆಯದು ಹಿಸ್ಟಮಿನ್ ತಡೆಯುವ ಹನಿ. ಅಲರ್ಜಿಯ ತುರಿಕೆಗೆ ಬೇಕಾದದ್ದು ಇದು. ಕೀಟೋಟಿಫೆನ್ ಇಲ್ಲಿ 2006ರಿಂದ ಚೀಟಿ ಇಲ್ಲದೆ ಸಿಗುತ್ತೆ. 3 ವರ್ಷ ಮೇಲ್ಪಟ್ಟವರಿಗೆ, ಒಂದು ಕಣ್ಣಿಗೆ ಒಂದು ಹನಿ, 8ರಿಂದ 12 ಗಂಟೆಗೊಮ್ಮೆ, ದಿನಕ್ಕೆ ಎರಡೇ ಸಲ. ಓಲೋಪಟಡೀನ್ 2020ರಿಂದ ಚೀಟಿ ಇಲ್ಲದೆ ಸಿಗುತ್ತೆ, 2 ವರ್ಷ ಮೇಲ್ಪಟ್ಟವರಿಗೆ. ಇದು ಬೇರೆ ಬೇರೆ ಶಕ್ತಿಯಲ್ಲಿ ಬರುತ್ತೆ. ಕೆಲವು ದಿನಕ್ಕೆ ಒಂದು ಸಲ, ಕೆಲವು ಎರಡು ಸಲ. ಡಬ್ಬದ ಮೇಲೆ ಇರುವಷ್ಟೇ ಹಾಕಬೇಕು.

ಮೂರನೆಯದು ಕೆಂಪು ತೆಗೆಯುವ ಹನಿ. ಟೆಟ್ರಾಹೈಡ್ರೋಜೋಲಿನ್, ನ್ಯಾಫಜೋಲಿನ್ ಅಂತ ಹೆಸರಿರುತ್ತೆ. ಇವು ರಕ್ತನಾಳಗಳನ್ನು ಕುಗ್ಗಿಸುತ್ತವೆ, ಅಷ್ಟೇ. ಅಲರ್ಜಿಯ ಮೂಲಕ್ಕೆ ಹೋಗಲ್ಲ. ಕೆಲವು ದಿನ ಬಿಡದೆ ಹಾಕಿದರೆ, ನಿಲ್ಲಿಸಿದಾಗ ಕಣ್ಣು ಮೊದಲಿಗಿಂತ ಕೆಂಪಾಗುತ್ತೆ. ಇನ್ನೊಂದು ದೊಡ್ಡ ಅಪಾಯ: ಚಿಕ್ಕ ಮಕ್ಕಳು ಇದನ್ನು ಕುಡಿದುಬಿಟ್ಟರೆ. 1ರಿಂದ 2 ಮಿಲಿಲೀಟರ್, ಅಂದರೆ ಅರ್ಧ ಟೀ ಚಮಚಕ್ಕಿಂತ ಕಡಿಮೆ ಹೊಟ್ಟೆಗೆ ಹೋದರೂ ಆಸ್ಪತ್ರೆ ಸೇರಬೇಕಾಗಬಹುದು ಅಂತ ಅಮೆರಿಕದ ಎಫ್‌ಡಿಎ 2012ರಲ್ಲೇ ಎಚ್ಚರಿಸಿದೆ. ನಿಮ್ಮ ತಮ್ಮ ತಂಗಿಯರ ಕೈಗೆ ಸಿಗದ ಹಾಗೆ ಮೇಲಿಡಿ. ಅಕಸ್ಮಾತ್ ಕುಡಿದರೆ ಕಾಯಬೇಡಿ, ಪಾಯ್ಸನ್ ಕಂಟ್ರೋಲ್ ಸಂಖ್ಯೆ 1-800-222-1222ಕ್ಕೆ ಕರೆ ಮಾಡಿ. ಮಗು ಎಚ್ಚರ ತಪ್ಪಿದರೆ ಅಥವಾ ಉಸಿರಾಟಕ್ಕೆ ಕಷ್ಟಪಟ್ಟರೆ ನೇರವಾಗಿ 911.

ನಾಲ್ಕನೆಯದು ಸ್ಟೀರಾಯ್ಡ್ ಹನಿ. ಡೆಕ್ಸಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್, ಫ್ಲೋರೋಮೆಥೋಲೋನ್. ಕೊನೆಯ ಅಕ್ಷರ ಗಮನಿಸಿ: ಹೆಚ್ಚಾಗಿ "ಸೋನ್" ಅಥವಾ "ಲೋನ್" ಅಂತ ಮುಗಿಯುತ್ತೆ. ಲೋಟೆಪ್ರೆಡ್ನಾಲ್ ಬೇರೆ ತರಹ ಮುಗಿದರೂ ಅದೂ ಇದೇ ಗುಂಪು. ಇವನ್ನು ಕಣ್ಣಿನ ಡಾಕ್ಟರ್ ನೋಡಿ ಕೊಟ್ಟರೆ ಮಾತ್ರ, ಅವರು ಹೇಳಿದಷ್ಟು ದಿನ ಮಾತ್ರ. ಊರಿಂದ ಬಂದ ಡಬ್ಬದಲ್ಲಿ ಸೋಂಕಿನ ಔಷಧಿಯ ಜೊತೆ ಸ್ಟೀರಾಯ್ಡ್ ಬೆರೆತಿರುವುದೂ ಉಂಟು. ಹಾಗಾಗಿ ಪೂರ್ತಿ ಓದಿ.

ಹನಿ ಹಾಕುವ ಕ್ರಮ

1. ಸೋಪು ಹಾಕಿ ಕೈ ತೊಳೆಯಿರಿ. ಬಾಟಲಿಯ ಹೆಸರು, ಕೊನೆಯ ದಿನಾಂಕ ಓದಿ. ಕಿವಿಯ ಹನಿ, ಅಂಟಿನ ಬಾಟಲಿಗಳೂ ನೋಡಲು ಹೀಗೇ ಇರುತ್ತವೆ! ದ್ರವ ಮಬ್ಬಾಗಿದ್ದರೆ, ಬಣ್ಣ ಬದಲಾಗಿದ್ದರೆ ಎಸೆಯಿರಿ.

2. ಕಾಂಟ್ಯಾಕ್ಟ್ ಲೆನ್ಸ್ ಹಾಕುವ ಅಕ್ಕ ಅಣ್ಣಂದಿರು ಮೊದಲು ಅದನ್ನು ತೆಗೆಯಿರಿ. ಹನಿ ಹಾಕಿದ ಮೇಲೆ ಕಡೇಪಕ್ಷ 10 ನಿಮಿಷ ಬಿಟ್ಟು ಹಾಕಿಕೊಳ್ಳಿ. ಕಣ್ಣು ಕೆಂಪಗಿದ್ದರೆ ಲೆನ್ಸ್ ಬೇಡವೇ ಬೇಡ.

3. ತಲೆ ಹಿಂದಕ್ಕೆ ಬಾಗಿಸಿ, ಕೆಳ ರೆಪ್ಪೆಯನ್ನು ಮೆಲ್ಲಗೆ ಎಳೆಯಿರಿ. ಅಲ್ಲೊಂದು ಸಣ್ಣ ಜೇಬು ಆಗುತ್ತೆ. ಆ ಜೇಬಿಗೆ ಒಂದೇ ಒಂದು ಹನಿ. ಹೆದರುವ ಪುಟಾಣಿಗಳು ಮಲಗಿ, ಕಣ್ಣು ಮುಚ್ಚಿಕೊಂಡು, ಮೂಗಿನ ಕಡೆಯ ಮೂಲೆಗೆ ಹನಿ ಹಾಕಿಸಿಕೊಂಡು, ಆಮೇಲೆ ಕಣ್ಣು ಬಿಟ್ಟರೆ ತಾನಾಗಿಯೇ ಒಳಗೆ ಹೋಗುತ್ತೆ.

4. ಬಾಟಲಿಯ ತುದಿ ಕಣ್ಣಿಗೆ, ರೆಪ್ಪೆಗೆ, ಬೆರಳಿಗೆ ತಾಗಬಾರದು. ತಾಗಿದರೆ ಕೀಟಾಣು ಒಳಗೆ ಹೋಗುತ್ತೆ.

5. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಅಲ್ಲಿ ಕಣ್ಣಿನಿಂದ ಮೂಗಿಗೆ ಹೋಗುವ ಸಣ್ಣ ಕೊಳವೆ ಇದೆ. ಒತ್ತದಿದ್ದರೆ ಔಷಧಿ ಗಂಟಲಿಗಿಳಿದು ಕಹಿಯಾಗುತ್ತೆ.

6. ಎರಡು ಬೇರೆ ಬೇರೆ ಔಷಧಿ ಇದ್ದರೆ ನಡುವೆ 5 ನಿಮಿಷ ಬಿಡಿ.

ಒಂದೇ ಹನಿ ಯಾಕೆ ಅಂತ ಲೆಕ್ಕ ಮಾಡೋಣ. ಒಂದು ಕಣ್ಣಲ್ಲಿ ಸುಮಾರು 30 ಮೈಕ್ರೋಲೀಟರ್ ದ್ರವ ಹಿಡಿಯುತ್ತೆ. ಬಾಟಲಿಯ ಒಂದು ಹನಿಯೇ 30ರಿಂದ 50 ಮೈಕ್ರೋಲೀಟರ್ ಇರುತ್ತೆ. ಅಂದರೆ ಒಂದೇ ಹನಿಗೆ ಲೋಟ ತುಂಬಿಹೋಯಿತು. ಎರಡನೆಯದು ಬರೀ ಕೆನ್ನೆಗೆ.

ಒಬ್ಬರ ಬಾಟಲಿ ಇನ್ನೊಬ್ಬರಿಗೆ ಬೇಡ

ಕಣ್ಣಿಗೆ ಹೋಗುವ ಹನಿ ಕೀಟಾಣುರಹಿತವಾಗಿರಬೇಕು. 2023ರಲ್ಲಿ ಭಾರತದಲ್ಲಿ ತಯಾರಾಗಿ ಇಲ್ಲಿ ಮಾರಾಟವಾದ ಒಂದು ಕೃತಕ ಕಣ್ಣೀರಿನ ಹನಿಗೆ ಸಂಬಂಧಿಸಿದ ಸೋಂಕು 18 ರಾಜ್ಯಗಳಲ್ಲಿ 81 ಜನರಿಗೆ ತಗುಲಿತು. 14 ಜನ ದೃಷ್ಟಿ ಕಳೆದುಕೊಂಡರು, ನಾಲ್ವರು ತೀರಿಕೊಂಡರು. ಹೀಗಾಗೋದು ಅಪರೂಪ. ಆದರೂ ಕಣ್ಣಿನ ವಿಷಯದಲ್ಲಿ "ಏನಾಗುತ್ತೆ ಬಿಡು" ಅನ್ನೋ ಮಾತು ಸಲ್ಲದು. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆಯಿರಿ. "ತೆರೆದ ಒಂದು ತಿಂಗಳೊಳಗೆ ಬಳಸಿ" ಅಂತಿದ್ದರೆ ಹಾಗೇ ಮಾಡಿ.

ಹಾಗೆಯೇ ಮನೆಮದ್ದು. ನಂದಿಬಟ್ಟಲ ಹೂವನ್ನು ಮುಚ್ಚಿದ ಕಣ್ಣಿನ ಮೇಲೆ ತಂಪಿಗೆ ಇಟ್ಟುಕೊಂಡರೆ ಹಿತ, ಸರಿ. ಆದರೆ ಹೂವಿನ ರಸ, ಜೇನುತುಪ್ಪ, ಹರಳೆಣ್ಣೆ, ಎದೆಹಾಲು, ಪನ್ನೀರು ಯಾವುದನ್ನೂ ಕಣ್ಣಿನ ಒಳಗೆ ಹಾಕಬೇಡಿ.

ಹನಿಗಿಂತ ಮೊದಲು

ಆಟ ಆಡಿ ಬಂದ ತಕ್ಷಣ ಮುಖ ತೊಳೆದು ಬಟ್ಟೆ ಬದಲಿಸಿ. ರಾತ್ರಿ ತಲೆಗೂ ನೀರು ಹಾಕಿಕೊಂಡರೆ ಪರಾಗ ದಿಂಬಿಗೆ ಬರಲ್ಲ. ಹೊರಗೆ ಟೋಪಿ, ತಂಪು ಕನ್ನಡಕ. ಗಾಳಿ ಜೋರಿರುವಾಗ ಕಿಟಕಿ ಮುಚ್ಚಿ. ತುರಿಸಿದರೆ ಉಜ್ಜೋ ಬದಲು ತಣ್ಣನೆಯ ಒದ್ದೆ ಬಟ್ಟೆ ಇಡಿ. ಔಷಧಿಯನ್ನು ನಿಮ್ಮಷ್ಟಕ್ಕೆ ಬ್ಯಾಗಲ್ಲಿ ಹಾಕಿಕೊಂಡು ಶಾಲೆಗೆ ಹೋಗಬೇಡಿ, ಮೊದಲು ಶಾಲೆಯ ಆಫೀಸಿನಲ್ಲಿ ಅಪ್ಪ ಅಮ್ಮ ಕೇಳಲಿ.

ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು?

ಎರಡೂ ಕಣ್ಣು ತುರಿಸಿ ನೀರು ಬಂದರೆ ಹೆಚ್ಚಾಗಿ ಅಲರ್ಜಿ. ಹಳದಿ ಅಥವಾ ಹಸಿರು ಪಿಸುರು ಬಂದು ರೆಪ್ಪೆ ಅಂಟಿಕೊಂಡರೆ ಸೋಂಕು ಇರಬಹುದು. ನೋವು, ಮಂಜು ಮಂಜಾಗಿ ಕಾಣೋದು, ಬೆಳಕು ನೋಡಲಾಗದೆ ಇರೋದು, ಕಣ್ಣಿಗೆ ಪೆಟ್ಟು, ಇವು ಯಾವುದಿದ್ದರೂ ಅವತ್ತೇ ಹೋಗಿ. ಅಲರ್ಜಿಯ ಹನಿ ಹಾಕಿಯೂ 72 ಗಂಟೆಯಲ್ಲಿ ತುರಿಕೆ ಕಡಿಮೆಯಾಗದಿದ್ದರೆ ನಿಲ್ಲಿಸಿ, ಕೇಳಿ. ಹೋಗುವಾಗ ಮನೆಯಲ್ಲಿ ಹಾಕಿದ ಎಲ್ಲ ಬಾಟಲಿಗಳನ್ನೂ ತೆಗೆದುಕೊಂಡು ಹೋಗಿ. ನಾಚಿಕೆಪಟ್ಟು ಮುಚ್ಚಿಡಬೇಡಿ. ನಾವು ಆವತ್ತು ತೋರಿಸಿದ್ದರಿಂದಲೇ ಮಗನ ಕಣ್ಣು ಉಳಿಯಿತು.

ಮನೆಗೆಲಸ

ಆಸ್ಪತ್ರೆಯಿಂದ ಬಂದ ಸಂಜೆ ನನ್ನ ಮಗ ಕೇಳಿದ, "ಅಪ್ಪ, ಇದರ ಮೇಲೆ ಕನ್ನಡದಲ್ಲಿ ಬರೆದಿದ್ದರೆ ಅಜ್ಜಿಗೆ ಗೊತ್ತಾಗ್ತಿತ್ತಲ್ವಾ?" ಆಮೇಲೆ ಅವನೇ ಬಿಳಿ ಟೇಪು ತಂದು ಅಜ್ಜಿಯ ಒಂದೊಂದೇ ಬಾಟಲಿಗೆ ಅಂಟಿಸಿ ಬರೆದ: "ಕಣ್ಣಿಗೆ. ಅಜ್ಜಿಗೆ ಮಾತ್ರ." "ಕಿವಿಗೆ." "ಮುಗಿದಿದೆ, ಎಸೆಯಿರಿ." ಒತ್ತಕ್ಷರದಲ್ಲಿ ಒಂದು ತಪ್ಪಿತ್ತು. ಅಜ್ಜಿ ತಿದ್ದಿಸಿದರು.

ನಿಮಗೂ ಅದೇ ಮನೆಗೆಲಸ. ಅಪ್ಪ ಅಮ್ಮನ ಜೊತೆ ಕೂತು ಮನೆಯ ಎಲ್ಲ ಹನಿ ಬಾಟಲಿಗಳನ್ನು ಹೊರಗೆ ತೆಗೆಯಿರಿ. ಪ್ರತಿಯೊಂದಕ್ಕೂ ಕನ್ನಡದಲ್ಲಿ ಮೂರು ವಿಷಯ ಬರೆದು ಅಂಟಿಸಿ: ಯಾರಿಗೆ, ಯಾತಕ್ಕೆ, ಯಾವಾಗ ತೆರೆದದ್ದು. ದಿನಾಂಕ ಮುಗಿದದ್ದು, ಯಾರದ್ದು ಅಂತ ಗೊತ್ತಿಲ್ಲದ್ದು ಬೇರೆ ಇಡಿ.

ಹೊಸ ಪದಗಳು

ಪರಾಗ: ಹೂವಿನ ಸಣ್ಣ ಪುಡಿ
ರೆಪ್ಪೆ: ಕಣ್ಣನ್ನು ಮುಚ್ಚುವ ಚರ್ಮ
ಪೊರೆ: ಕಣ್ಣಿನೊಳಗಿನ ಮಸೂರ ಮಬ್ಬಾಗುವುದು
ಸೋಂಕು: ಕೀಟಾಣುವಿನಿಂದ ಬರುವ ಕಾಯಿಲೆ
ಕೃತಕ: ಮನುಷ್ಯರು ತಯಾರಿಸಿದ್ದು

ಪ್ರಶ್ನೆಗಳು

1. ಕಣ್ಣು ಉಜ್ಜಿದರೆ ತುರಿಕೆ ಯಾಕೆ ಜಾಸ್ತಿಯಾಗುತ್ತೆ?
2. ಅಜ್ಜಿಗೆ ಸರಿಯಾದ ಹನಿ ಮೊಮ್ಮಗನಿಗೆ ಯಾಕೆ ತಪ್ಪಾಯಿತು?
3. ನಿಮ್ಮ ತರಗತಿಯ ಗೆಳೆಯ "ನನ್ನ ಡ್ರಾಪ್ಸ್ ಹಾಕ್ಕೋ, ತುಂಬಾ ಚೆನ್ನಾಗಿದೆ" ಅಂದರೆ ನೀವು ಏನು ಹೇಳುತ್ತೀರಿ? ಮೂರು ವಾಕ್ಯದಲ್ಲಿ ಬರೆಯಿರಿ.